ತಾಯಿಯ ಮಾತೂ ಒಂದು ಅಳತೆಗೋಲು

ಭೌತವಿಜ್ಞಾನದ ಪ್ರಯೋಗಶಾಲೆಗೆ ಹೊಸದಾಗಿ ಕಾಲಿಡುವ ವಿದ್ಯಾರ್ಥಿಗೆ ನಾವು ಹೇಳಿಕೊಡುವ ಮೊದಲ ಪಾಠ ಒಂದೇ: ಒಂದು ಉಪಕರಣವು ಏನನ್ನು ಅಳೆಯಬಲ್ಲುದೋ ಅದನ್ನು ಮಾತ್ರ ಅದರಿಂದ ಅಳೆಯಬೇಕು. ಉಷ್ಣಮಾಪಕದಿಂದ ಭಾರ ತಿಳಿಯದು, ತಕ್ಕಡಿಯಿಂದ ಉಷ್ಣತೆ ತಿಳಿಯದು. ಇಷ್ಟು ಸರಳವಾದ ಮಾತನ್ನು ಹೇಳಬೇಕೆ ಎಂದು ವಾಚಕರು ನಗಬಹುದು. ಆದರೆ ನಮ್ಮ ಮನೆಯಲ್ಲಿಯೇ ನಾವು ಈ ಪಾಠವನ್ನು ಮರೆತಿದ್ದೆವೆಂಬುದು ಒಂದು ದಿನ ಬಯಲಾಯಿತು.

ಆಗ ನಮ್ಮ ಮಗಳಿಗೆ ಮೂರು ವರ್ಷ. ಆರೋಗ್ಯ ಕಾರ್ಯಕರ್ತೆಯೊಬ್ಬರು ಮನೆಗೆ ಬಂದವರು, "ಕೂಸು ಚೆಂದಾಗಿ ಉಣ್ಣತೈತೇನ್ರಿ?" ಎಂದು ಕೇಳಿದರು. ಚೆನ್ನಾಗಿಯೇ ಉಣ್ಣುತ್ತಾಳೆಂದು ನಾವು ತಡವಿಲ್ಲದೆ ಹೇಳಿದೆವು. ಅವರು ಅಷ್ಟಕ್ಕೆ ಬಿಡಲಿಲ್ಲ. ನಿನ್ನೆ ಮುಂಜಾನೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಏನೇನು ತಿಂದಳೋ ಒಂದೊಂದಾಗಿ ಹೇಳಿರೆಂದರು. ನಾವು ಎಣಿಸತೊಡಗಿದೆವು: ಎರಡು ಸಲ ಚಹಾ, ಚಹಾದಲ್ಲಿ ಅದ್ದಿದ ಬಿಸ್ಕತ್ತು, ಅನ್ನ ಮತ್ತು ತಿಳಿಸಾರು, ಸಂಜೆಗೆ ಮತ್ತೆ ಬಿಸ್ಕತ್ತು, ರಾತ್ರಿ ಅರ್ಧ ರೊಟ್ಟಿ. ಕಾಳಿಲ್ಲ, ಪಲ್ಲೆಯಿಲ್ಲ, ಮೊಟ್ಟೆಯಿಲ್ಲ, ಹಣ್ಣಿಲ್ಲ. ಎಣಿಕೆ ಮುಗಿಯುವ ಹೊತ್ತಿಗೆ ನಮ್ಮ ಧ್ವನಿ ತಗ್ಗಿತ್ತು. ಮುಂದೆ ರಕ್ತಪರೀಕ್ಷೆ ಮಾಡಿಸಿದಾಗ ಮಗುವಿಗೆ ರಕ್ತಹೀನತೆ ಇರುವುದು ತಿಳಿಯಿತು.

ಮೊದಲನೆಯ ಪ್ರಶ್ನೆಗೆ ನಾವು ಹೇಳಿದುದು ಸುಳ್ಳಲ್ಲ. ಆದರೆ ಅದು ತೀರ್ಪು. ಎರಡನೆಯ ಪ್ರಶ್ನೆಗೆ ಹೇಳಿದುದು ವರದಿ. ತಂದೆತಾಯಿಗಳಿಂದ ವರದಿಯನ್ನು ಪಡೆಯಬಹುದು, ತೀರ್ಪನ್ನು ಪಡೆಯಲಾಗದು. ಚಿಕ್ಕ ಮಕ್ಕಳ ಪೋಷಣೆಯ ಕೊರತೆಯನ್ನು ಪ್ರಶ್ನಾವಳಿಯಿಂದ ಗುರುತಿಸುವ ವಿಜ್ಞಾನವೆಲ್ಲ ಈ ಒಂದು ಭೇದದ ಮೇಲೆ ನಿಂತಿದೆ.

ಕಣ್ಣಿಗೆ ಕಾಣದ ಕೊರತೆ

ರೋಣ, ನರಗುಂದ ಮತ್ತು ರೋಣದಿಂದ ಬೇರ್ಪಟ್ಟು ತಾಲ್ಲೂಕಾದ ಗಜೇಂದ್ರಗಡ, ಇವು ಮೂರೂ ಗದಗ ಜಿಲ್ಲೆಯ ಸೀಮೆಗಳು. ಎರೆ ಭೂಮಿಯ ನಾಡು. ಮಲಪ್ರಭೆಯ ಕಾಲುವೆಯ ನೀರು ಕೆಲವು ಹೊಲಗಳಿಗೆ ಬರುತ್ತದೆ, ಉಳಿದವು ಮುಗಿಲನ್ನು ನೋಡುತ್ತವೆ. ಜೋಳ, ಕಡಲೆ, ಹೆಸರು, ಶೇಂಗಾ ಇಲ್ಲಿಯ ಬೆಳೆಗಳು. ಗಜೇಂದ್ರಗಡದಲ್ಲಿ ಕೈಮಗ್ಗದ ಸದ್ದು ಕೇಳುತ್ತದೆ. ಇಷ್ಟು ಕಾಳುಕಡಿ ಬೆಳೆಯುವ ಸೀಮೆಯಲ್ಲಿ ಮಗುವಿಗೆ ಪೋಷಣೆಯ ಕೊರತೆ ಎಂತು ಬಂದೀತು ಎಂದು ಯಾರಾದರೂ ಕೇಳಬಹುದು. ಹೊಲದಲ್ಲಿ ಬೆಳೆದುದೆಲ್ಲ ಮಗುವಿನ ಗಂಗಾಳಕ್ಕೆ ಬರುವುದಿಲ್ಲ ಎಂಬುದೇ ಇದಕ್ಕೆ ಉತ್ತರ.

ರಾಜ್ಯದ ಅಂಕಿಗಳನ್ನು ನೋಡೋಣ. ೨೦೧೯-೨೧ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ೩೫.೪ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ೧೯.೫ರಷ್ಟು ಮಕ್ಕಳು ಎತ್ತರಕ್ಕೆ ತಕ್ಕ ತೂಕವಿಲ್ಲದ ಕೃಶರು. ತೀವ್ರ ಕೃಶತೆಯವರು ಒಟ್ಟು ಮಕ್ಕಳಲ್ಲಿ ನೂರಕ್ಕೆ ೮.೪. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ನೂರಕ್ಕೆ ೬೫.೫ರಷ್ಟು ಮಕ್ಕಳಿಗೆ ರಕ್ತಹೀನತೆ ಇತ್ತು. ನಮ್ಮ ಮಗಳು ಈ ದೊಡ್ಡ ಗುಂಪಿನಲ್ಲಿ ಒಬ್ಬಳು.

ವಯಸ್ಸಿಗೆ ತಕ್ಕ ಎತ್ತರ ಎಂದರೇನು? ವಿಶ್ವ ಆರೋಗ್ಯ ಸಂಸ್ಥೆಯು ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಒಳ್ಳೆಯ ಪೋಷಣೆ ಪಡೆದ ಸುಮಾರು ೮,೫೦೦ ಮಕ್ಕಳನ್ನು ಅಳೆದು, ೨೦೦೬ರಲ್ಲಿ ಬೆಳವಣಿಗೆಯ ಪ್ರಮಾಣವನ್ನು ಪ್ರಕಟಿಸಿತು. ಸರಿಯಾಗಿ ಉಂಡು ಆರೋಗ್ಯದಿಂದಿದ್ದರೆ ಎಲ್ಲ ನಾಡಿನ ಎಳೆಯ ಮಕ್ಕಳೂ ಬಹುಮಟ್ಟಿಗೆ ಒಂದೇ ತೆರನಾಗಿ ಬೆಳೆಯುತ್ತಾರೆಂಬುದು ಆ ಅಧ್ಯಯನದಿಂದ ಸ್ಪಷ್ಟವಾಯಿತು. ಆರೋಗ್ಯವಂತ ಮಕ್ಕಳ ಸಮೂಹದಲ್ಲಿಯೂ ನೂರಕ್ಕೆ ಎರಡು ಮೂರು ಮಕ್ಕಳು ಸಹಜವಾಗಿಯೇ ಕುಳ್ಳರಿರುತ್ತಾರೆ. ಆ ಗೆರೆಯ ಕೆಳಗೆ ನಮ್ಮಲ್ಲಿ ಮೂವತ್ತೈದು ಮಕ್ಕಳಿದ್ದರೆ ಅದನ್ನು ವಂಶದ ಗುಣವೆಂದು ತಳ್ಳಿಹಾಕಲಾಗದು.

ಇಷ್ಟು ದೊಡ್ಡ ಕೊರತೆ ಮನೆಯವರ ಕಣ್ಣಿಗೆ ಏಕೆ ಬೀಳುವುದಿಲ್ಲ? ಇದಕ್ಕೆ ಕಾರಣ ತಾಯಿಯ ಅಲಕ್ಷ್ಯವಲ್ಲ, ಅಳತೆಯ ಸ್ವಭಾವ. ಮನುಷ್ಯನ ಕಣ್ಣು ಒಂದನ್ನು ಇನ್ನೊಂದರೊಡನೆ ಹೋಲಿಸಿಯೇ ನೋಡುತ್ತದೆ. ಒಂದೇ ವೇಗದಿಂದ ಸಾಗುವ ಎರಡು ರೈಲುಗಳಲ್ಲಿ ಕುಳಿತವರಿಗೆ ಎರಡೂ ನಿಂತಂತೆ ತೋರುತ್ತವಷ್ಟೆ. ಹಾಗೆಯೇ ಓಣಿಯ ಮಕ್ಕಳೆಲ್ಲ ನಾಲ್ಕು ಬೆರಳು ಗಿಡ್ಡವಿದ್ದರೆ, ಯಾವ ತಾಯಿಗೂ ತನ್ನ ಮಗು ಗಿಡ್ಡವೆನಿಸದು. ಆದುದರಿಂದ "ನಿಮ್ಮ ಮಗು ಸರಿಯಾಗಿ ಬೆಳೆದಿದೆಯೇ?" ಎಂದು ತಾಯಿಯನ್ನು ಕೇಳುವುದು ಉಷ್ಣಮಾಪಕದಿಂದ ಭಾರವನ್ನು ಅಳೆದಂತೆ. ಅದಕ್ಕೆ ಅಳತೆಪಟ್ಟಿ ಇದೆ, ತಕ್ಕಡಿ ಇದೆ.

ತಾಯಿ ಮಾತ್ರ ಬಲ್ಲ ಸಂಗತಿ

ಹಾಗಾದರೆ ತಾಯಿಯನ್ನು ಕೇಳುವುದೇ ವ್ಯರ್ಥವೇ? ಖಂಡಿತ ಅಲ್ಲ. ಯಾವ ತಕ್ಕಡಿಯೂ ಹೇಳಲಾರದ ಸಂಗತಿಗಳನ್ನು ತಾಯಿ ಹೇಳಬಲ್ಲಳು. ಇದಕ್ಕೆ ವೈದ್ಯಕೀಯದ ಇತಿಹಾಸದಲ್ಲಿ ಎರಡು ಸೊಗಸಾದ ದೃಷ್ಟಾಂತಗಳಿವೆ.

ಮೊದಲನೆಯದು ಆಫ್ರಿಕದ್ದು. ಇಂದು ಘಾನಾ ಎನಿಸಿರುವ ದೇಶದಲ್ಲಿ ೧೯೩೦ರ ದಶಕದಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ಕೆಲಸ ಮಾಡುತ್ತಿದ್ದರು. ಕೈಕಾಲು ಬಾತು, ಕೂದಲು ಕೆಂಚಾಗಿ, ಚರ್ಮ ಸುಲಿದ ಮಕ್ಕಳನ್ನು ಅವರು ಅಲ್ಲಿ ಮೇಲಿಂದ ಮೇಲೆ ಕಂಡರು. ಆ ರೋಗಕ್ಕೆ ಅಲ್ಲಿಯ ಗಾ ಭಾಷೆಯ ತಾಯಂದಿರು ಒಂದು ಹೆಸರಿಟ್ಟಿದ್ದರು: ಕ್ವಾಶಿಯಾರ್ಕರ್. ಹೊಸ ಕೂಸು ಹುಟ್ಟಿದಾಗ ಹಿಂದಿನ ಕೂಸಿಗೆ ಬರುವ ಬೇನೆ ಎಂಬುದು ಅದರ ಇಂಗಿತ. ರೋಗದ ಕಾರಣವೇ ಆ ಹೆಸರಿನಲ್ಲಿ ಅಡಗಿತ್ತು. ತಮ್ಮನೋ ತಂಗಿಯೋ ಹುಟ್ಟಿದೊಡನೆ ದೊಡ್ಡ ಮಗುವಿಗೆ ಎದೆಹಾಲು ತಪ್ಪುತ್ತದೆ. ಬದಲಿಗೆ ಸಿಕ್ಕುವುದು ಹಿಟ್ಟಿನ ಗಂಜಿ ಮಾತ್ರ. ಹೊಟ್ಟೆ ತುಂಬಿದರೂ ಮೈ ತುಂಬುವುದಿಲ್ಲ. ವಿಲಿಯಮ್ಸ್ ಅವರು ೧೯೩೫ರಲ್ಲಿ ಆ ಹೆಸರನ್ನೇ ವೈದ್ಯಲೋಕಕ್ಕೆ ಪರಿಚಯಿಸಿದರು. ಇಂದಿಗೂ ವೈದ್ಯಗ್ರಂಥಗಳಲ್ಲಿ ಅದೇ ಹೆಸರು ನಿಂತಿದೆ.

ಎರಡನೆಯದು ಇಂಡೊನೇಷ್ಯದ್ದು. ನಮ್ಮ ಕಣ್ಣಿನ ಹಿಂಪೊರೆಯಲ್ಲಿ ಮಂದ ಬೆಳಕನ್ನು ಗ್ರಹಿಸುವ ಕಂಬಿಯಾಕಾರದ ಕೋಶಗಳಿವೆ. ಅವುಗಳಲ್ಲಿರುವ ರೊಡಾಪ್ಸಿನ್ ಎಂಬ ವರ್ಣದ್ರವ್ಯವು ಬೆಳಕು ಬಿದ್ದಾಗ ವಿಘಟಿಸುತ್ತದೆ, ಅನಂತರ ಮತ್ತೆ ಕೂಡಿಕೊಳ್ಳುತ್ತದೆ. ಈ ಮರುಕೂಟಕ್ಕೆ 'ಎ' ಜೀವಸತ್ವ ಬೇಕು. ಅದರ ಕೊರತೆಯಾದರೆ ಹಗಲಿನಲ್ಲಿ ಚೆನ್ನಾಗಿ ಕಾಣುವ ಮಗು ಮುಸ್ಸಂಜೆಯಲ್ಲಿ ತಡವರಿಸುತ್ತದೆ. ಇದನ್ನೇ ನಾವು ಇರುಳುಗುರುಡು, ಇರುಳುಗಣ್ಣು ಎನ್ನುತ್ತೇವೆ. ಇಂಡೊನೇಷ್ಯದ ತಾಯಂದಿರು ಇದನ್ನು ಕೋಳಿಗುರುಡು ಎನ್ನುತ್ತಾರೆ. ಕೋಳಿಗೂ ಸಂಜೆಯಾದರೆ ಕಣ್ಣು ಕಾಣದಷ್ಟೆ. ಆಲ್ಫ್ರೆಡ್ ಸೋಮರ್ ಮತ್ತು ಅವರ ಸಂಗಡಿಗರು ಆ ಮಾತನ್ನೇ ಬಳಸಿ ತಾಯಂದಿರನ್ನು ಪ್ರಶ್ನಿಸಿದರು. ತಾಯಿ ಹೌದೆಂದ ಮಕ್ಕಳ ರಕ್ತದಲ್ಲಿ 'ಎ' ಜೀವಸತ್ವದ ಪ್ರಮಾಣ ಕಡಿಮೆಯಿರುವುದು ಕಂಡುಬಂದಿತು. ಈ ಫಲಿತಾಂಶವನ್ನು ಅವರು ೧೯೮೦ರಲ್ಲಿ ಪ್ರಕಟಿಸಿದರು. ವೈದ್ಯರು ಊರಿಗೆ ಬರುವುದು ಹಗಲಿನಲ್ಲಿ, ರೋಗ ತೋರುವುದು ಸಂಜೆಯಲ್ಲಿ. ಆ ಹೊತ್ತಿನಲ್ಲಿ ಮಗುವಿನ ಬಳಿ ಇರುವವಳು ತಾಯಿಯೇ.

ಈ ಎರಡು ದೃಷ್ಟಾಂತಗಳಲ್ಲಿಯೂ ಪ್ರಶ್ನೆ ತಾಯಿ ಕಂಡ ಸಂಗತಿಯನ್ನು ಕುರಿತದ್ದು, ತಾಯಿಯದೇ ನುಡಿಯಲ್ಲಿದ್ದುದು. ಇದು ಒಳ್ಳೆಯ ಪ್ರಶ್ನಾವಳಿಯ ಮೊದಲ ಲಕ್ಷಣ.

ಬೇರೆ ನಾಡಿನ ಗಡಿಯಾರ

ಇತ್ತೀಚೆಗೆ ಇಂಥ ಪ್ರಶ್ನಾವಳಿಗಳನ್ನು ಶಾಸ್ತ್ರೀಯವಾಗಿ ರೂಪಿಸುವ ಪ್ರಯತ್ನಗಳು ನಡೆದಿವೆ. ಕೆನಡಾ ದೇಶದ ಗ್ವೆಲ್ಫ್ ವಿಶ್ವವಿದ್ಯಾನಿಲಯದ ವಿದ್ವಾಂಸರೂ ಅವರ ಸಹೋದ್ಯೋಗಿಗಳೂ ಸಿದ್ಧಪಡಿಸಿದ ನ್ಯೂಟ್ರಿಸ್ಟೆಪ್ ಎಂಬುದು ಅವುಗಳಲ್ಲಿ ಪ್ರಸಿದ್ಧವಾದುದು. ಅದರಲ್ಲಿ ೧೭ ಪ್ರಶ್ನೆಗಳಿವೆ. ತಂದೆಯೋ ತಾಯಿಯೋ ತಾವೇ ಉತ್ತರಗಳನ್ನು ಗುರುತು ಮಾಡುತ್ತಾರೆ. ಪ್ರತಿ ಉತ್ತರಕ್ಕೂ ಅಂಕವುಂಟು. ಅಂಕಗಳ ಮೊತ್ತ ಹೆಚ್ಚಿದಷ್ಟೂ ಮಗುವಿಗೆ ಅಪಾಯ ಹೆಚ್ಚು. ಕಾಳು, ಹಾಲು, ಹಣ್ಣು, ತರಕಾರಿಗಳನ್ನು ಕುರಿತ ಪ್ರಶ್ನೆಗಳಲ್ಲದೆ, ಆಹಾರದ ಬೆಲೆಯಿಂದಾಗಿ ಕೊಳ್ಳುವುದು ಕಷ್ಟವಾಗಿದೆಯೇ, ಎಷ್ಟು ತಿನ್ನಬೇಕೆಂಬುದನ್ನು ಮಗುವೇ ನಿರ್ಧರಿಸುತ್ತದೆಯೇ, ಊಟದ ಹೊತ್ತಿನಲ್ಲಿ ದೂರದರ್ಶನ ನೋಡುತ್ತದೆಯೇ ಎಂಬ ಪ್ರಶ್ನೆಗಳೂ ಇವೆ. ಆಹಾರತಜ್ಞರು ಪ್ರತ್ಯೇಕವಾಗಿ ಪರೀಕ್ಷಿಸಿ ಕೊಟ್ಟ ಅಭಿಪ್ರಾಯದೊಡನೆ ಈ ಅಂಕಗಳನ್ನು ತಾಳೆ ನೋಡಿ, ೨೦೦೮ರಲ್ಲಿ ಫಲಿತಾಂಶವನ್ನು ಪ್ರಕಟಿಸಲಾಯಿತು. ಪ್ರಯೋಗಶಾಲೆಯಲ್ಲಿ ಹೊಸ ಉಷ್ಣಮಾಪಕವನ್ನು ಕರಗುವ ಮಂಜುಗಡ್ಡೆಯಲ್ಲಿಯೂ ಕುದಿಯುವ ನೀರಿನ ಆವಿಯಲ್ಲಿಯೂ ಇಟ್ಟು ಗೆರೆ ಹಾಕುತ್ತೇವಲ್ಲವೆ? ಅದೇ ಕೆಲಸವಿದು.

ಈ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಿರುಗಿಸಿ ರೋಣದಲ್ಲಿ ಹಂಚಿದರೆ ಸಾಲದೇ? ಸಾಲದು. ಒಂದು ನಾಡಿನಲ್ಲಿ ಗೆರೆ ಹಾಕಿದ ಉಪಕರಣವನ್ನು ಇನ್ನೊಂದು ನಾಡಿಗೆ ತಂದಾಗ ಮತ್ತೆ ಗೆರೆ ಹಾಕಬೇಕಾಗುತ್ತದೆ. ಲೋಲಕದ ಗಡಿಯಾರವನ್ನು ಬೆಟ್ಟದ ಮೇಲಕ್ಕೆ ಒಯ್ದರೆ ಅದು ಹಿಂದೆ ಬೀಳುತ್ತದೆ. ಗುರುತ್ವ ಬದಲಾದುದನ್ನು ಗಡಿಯಾರ ಅರಿಯದು. ಕೆನಡಾದ ಮಗುವಿನ ಅಪಾಯ ಬೇರೆ, ಎರೆನಾಡಿನ ಮಗುವಿನ ಅಪಾಯ ಬೇರೆ. ಅಲ್ಲಿ ಕೇಳದೆ ಬಿಟ್ಟಿರಬಹುದಾದ ಚಹಾವನ್ನು ಇಲ್ಲಿ ಕೇಳಲೇಬೇಕು. ಚಹಾದಲ್ಲಿರುವ ಟ್ಯಾನಿನು ಮೊದಲಾದ ದ್ರವ್ಯಗಳು ಕಾಳುಸೊಪ್ಪುಗಳ ಕಬ್ಬಿಣವು ರಕ್ತಗತವಾಗುವುದನ್ನು ಕುಗ್ಗಿಸುತ್ತವೆ. ಊಟದೊಡನೆ ಚಹಾ ಕುಡಿಸುವುದು ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಸಿದಂತೆ.

ನಿನ್ನೆಯ ಗಂಗಾಳ

ನಮ್ಮ ಸೀಮೆಗೆ ಹೆಚ್ಚು ಹೊಂದುವ ಇನ್ನೊಂದು ಕ್ರಮವುಂಟು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ೨೦೨೧ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ಆರರಿಂದ ಇಪ್ಪತ್ತಮೂರು ತಿಂಗಳವರೆಗಿನ ಮಕ್ಕಳ ಆಹಾರವನ್ನು ಎಂಟು ವರ್ಗಗಳಾಗಿ ವಿಂಗಡಿಸಿದ್ದಾರೆ. ಅವುಗಳನ್ನು ನಮ್ಮ ಅಡುಗೆಮನೆಯ ಮಾತಿನಲ್ಲಿ ಹೀಗೆ ಹೇಳಬಹುದು: ಎದೆಹಾಲು; ರೊಟ್ಟಿ, ಅನ್ನ, ನುಚ್ಚು, ಗೆಡ್ಡೆಗಳು; ಬೇಳೆ, ಹೆಸರು, ಕಡಲೆ, ಶೇಂಗಾ; ಹಾಲು, ಮೊಸರು; ಮಾಂಸ, ಮೀನು; ಮೊಟ್ಟೆ; ಮೆಂತ್ಯ, ರಾಜಗಿರಿ, ನುಗ್ಗೆಸೊಪ್ಪು, ಗಜ್ಜರಿ, ಪಪ್ಪಾಯಿಗಳಂಥ 'ಎ' ಜೀವಸತ್ವವುಳ್ಳ ಪಲ್ಲೆ ಮತ್ತು ಹಣ್ಣು; ಬದನೆ, ಬೆಂಡೆ, ಬಾಳೆಹಣ್ಣುಗಳಂಥ ಇತರ ತರಕಾರಿ ಹಣ್ಣು. ನಿನ್ನೆಯ ದಿನ ಈ ಎಂಟರಲ್ಲಿ ಐದಾದರೂ ಮಗುವಿನ ಬಾಯಿಗೆ ಬಿದ್ದಿರಬೇಕು.

ಎಣಿಸುವಾಗ ಎಚ್ಚರ ಬೇಕು. ಬೆರಳ ತುದಿಯಲ್ಲಿ ನೆಕ್ಕಿಸಿದ ಶೇಂಗಾ ಚಟ್ನಿಯನ್ನು ಕಾಳಿನ ವರ್ಗಕ್ಕೆ ಸೇರಿಸುವಂತಿಲ್ಲ; ಚಹಾದೊಳಗಿನ ಹಾಲನ್ನು ಹಾಲೆಂದು ಬರೆಯುವಂತಿಲ್ಲ. ಬೇಳೆ ತಳದಲ್ಲಿ ಉಳಿದು ಮೇಲಿನ ತಿಳಿ ಮಾತ್ರ ಮಗುವಿನ ಪಾಲಿಗೆ ಬಂದಿದ್ದರೆ ಅದನ್ನೂ ವಿಚಾರಿಸಬೇಕು. ಎದೆಹಾಲು, ಸಾರಿನ ತಿಳಿಯಲ್ಲಿ ಕಲಸಿದ ಅನ್ನ, ಅರ್ಧ ಬಾಳೆಹಣ್ಣು, ಎರಡು ಗುಟುಕು ಚಹಾ, ಇಷ್ಟನ್ನು ಪಡೆದ ಮಗುವಿಗೆ ಸಿಕ್ಕಿದ ವರ್ಗಗಳು ಮೂರೇ. ಆ ತಾಯಿಯೂ ಮಗುವಿಗೆ ಮೂರು ಹೊತ್ತು ಉಣಿಸಿದ್ದಾಳೆ. ಅದು ಚೆನ್ನಾಗಿ ಉಣ್ಣುತ್ತದೆಂದು ಪ್ರಾಮಾಣಿಕವಾಗಿಯೇ ಹೇಳುತ್ತಾಳೆ.

ಯಾರನ್ನು ಕೇಳಬೇಕೆಂಬುದೂ ಮುಖ್ಯ. ಕಡಲೆ ಕೀಳುವ ಸುಗ್ಗಿಯಲ್ಲಿ ತಾಯಿ ನಸುಕಿನಲ್ಲಿಯೇ ಹೊಲಕ್ಕೆ ಹೋಗುತ್ತಾಳೆ. ಕೂಸಿಗೆ ಉಣಿಸುವವಳು ಅಜ್ಜಿ. ಆಗ ಉತ್ತರ ಅಜ್ಜಿಯ ಬಳಿ ಇರುತ್ತದೆ.

ತಪ್ಪುಗಳು ಎರಡು ತೆರ

ಅಳತೆಯಲ್ಲಿ ಬರುವ ದೋಷಗಳನ್ನು ನಾವು ಎರಡು ತೆರನಾಗಿ ವಿಭಾಗಿಸುತ್ತೇವೆ. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ತೋರುವುದು ಯಾದೃಚ್ಛಿಕ ದೋಷ. ಸದಾ ಒಂದೇ ಕಡೆಗೆ ವಾಲುವುದು ವ್ಯವಸ್ಥಿತ ದೋಷ. ಮೊದಲನೆಯದು ಹಲವು ಸಲ ಅಳೆದು ಸರಾಸರಿ ತೆಗೆದರೆ ಕುಗ್ಗುತ್ತದೆ. ಎರಡನೆಯದು ಸಾವಿರ ಸಲ ಅಳೆದರೂ ಕುಗ್ಗದು.

ಒಂದು ದಿನದ ಊಟ ಇನ್ನೊಂದು ದಿನದಂತಿರುವುದಿಲ್ಲ, ಇದು ಯಾದೃಚ್ಛಿಕ. ಆದಕಾರಣ ಎಂಟು ವರ್ಗಗಳ ಎಣಿಕೆಯಿಂದ ಒಂದು ಊರಿನ ಮಕ್ಕಳ ಸ್ಥಿತಿ ಚೆನ್ನಾಗಿ ತಿಳಿಯುತ್ತದೆ. ಒಂದು ಮಗುವಿನ ವಿಷಯದಲ್ಲಿ ಒಂದೇ ದಿನದ ಎಣಿಕೆಯನ್ನು ನಂಬಿ ಕೂಡುವಂತಿಲ್ಲ, ಬೇರೆ ದಿನಗಳಲ್ಲಿಯೂ ಕೇಳಬೇಕು. ಆದರೆ ಎಳ್ಳಮಾಸಿಯ ಮರುದಿನವೇ ಪ್ರಶ್ನಾವಳಿಯನ್ನು ಹಿಡಿದು ಊರಿಗೆ ಹೋದರೆ ಏನಾದೀತು? ಚರಗ ಚೆಲ್ಲಲು ಹೊಲಕ್ಕೆ ಹೋದ ಮನೆಮಂದಿಯೆಲ್ಲ ಕಡಬು, ಪಲ್ಲೆ, ಕಾಳು, ಮೊಸರು ಉಂಡು ಬಂದಿರುತ್ತಾರೆ. ಅಂದು ಪ್ರತಿ ಮಗುವೂ ಸುಪೋಷಿತವೆಂದೇ ತೋರುವುದು. ಇದು ವ್ಯವಸ್ಥಿತ ದೋಷ.

ಇದಕ್ಕಿಂತ ಸೂಕ್ಷ್ಮವಾದ ದೋಷ ಮಾನಕ್ಕೆ ಸಂಬಂಧಿಸಿದ್ದು. ಮನೆಯಲ್ಲಿ ಕಾಳು ಮುಗಿದಿದೆಯೆಂದು ಪರರ ಮುಂದೆ ಹೇಳಲು ಯಾರಿಗೂ ಮನಸ್ಸು ಬಾರದು. "ಮಗುವಿಗೆ ಪಲ್ಲೆ ಕೊಡುತ್ತೀರಲ್ಲವೆ?" ಎಂದು ಕೇಳಿದರೆ "ಕೊಡುತ್ತೇವೆ" ಎಂಬ ಉತ್ತರವನ್ನು ಪ್ರಶ್ನೆಯೇ ಬೇಡಿಕೊಂಡಂತೆ. "ನಿನ್ನೆ ಏನು ಪಲ್ಲೆ ಮಾಡಿದ್ದಿರಿ? ಕೂಸು ಅದನ್ನು ತಿಂದಿತೇ, ಖಾರವೆಂದು ಬಿಟ್ಟಿತೇ?" ಎಂದು ಕೇಳಿದರೆ ಮಾತು ಸಹಜವಾಗಿ ಹರಿಯುತ್ತದೆ. ಕೇಳುವವರ ಧ್ವನಿಯೂ ಉಪಕರಣದ ಒಂದು ಭಾಗವೆಂಬುದನ್ನು ಮರೆಯಬಾರದು.

ಸಾಣಿಗೆಯ ಲೆಕ್ಕ

ಇಷ್ಟೆಲ್ಲ ಎಚ್ಚರ ವಹಿಸಿದರೂ ಪ್ರಶ್ನಾವಳಿ ರೋಗನಿರ್ಣಯವಲ್ಲ, ಅದೊಂದು ಸಾಣಿಗೆ. ಒಂದು ಕಲ್ಪಿತ ಲೆಕ್ಕವನ್ನು ಮಾಡಿ ನೋಡೋಣ. ೧,೦೦೦ ಮಕ್ಕಳಲ್ಲಿ ೮೦ ಮಕ್ಕಳಿಗೆ ಪೋಷಣೆಯ ಗಂಭೀರ ಕೊರತೆ ಇದೆಯೆನ್ನೋಣ. ನಮ್ಮ ಪ್ರಶ್ನಾವಳಿಯು ಕೊರತೆಯಿದ್ದ ನೂರರಲ್ಲಿ ೮೦ ಮಕ್ಕಳನ್ನು ಹಿಡಿಯುತ್ತದೆ, ಕೊರತೆಯಿಲ್ಲದ ನೂರರಲ್ಲಿ ೭೫ ಮಕ್ಕಳನ್ನು ಸರಿಯಾಗಿ ಬಿಟ್ಟುಕೊಡುತ್ತದೆ ಎಂದಿಟ್ಟುಕೊಳ್ಳೋಣ. ಆಗ ೮೦ರಲ್ಲಿ ೬೪ ಮಕ್ಕಳು ಸಿಕ್ಕುತ್ತಾರೆ, ೧೬ ಮಕ್ಕಳು ತಪ್ಪಿಹೋಗುತ್ತಾರೆ. ಉಳಿದ ೯೨೦ರಲ್ಲಿ ೬೯೦ ಮಕ್ಕಳು ಪಾರಾಗುತ್ತಾರೆ, ೨೩೦ ಮಕ್ಕಳು ಕೊರತೆಯಿಲ್ಲದೆಯೂ ಸಿಕ್ಕಿಬೀಳುತ್ತಾರೆ. ಒಟ್ಟು ಸಿಕ್ಕವರು ೨೯೪. ಅವರಲ್ಲಿ ನಿಜವಾಗಿ ಕೊರತೆಯುಳ್ಳವರು ಸುಮಾರು ಐವರಲ್ಲಿ ಒಬ್ಬರು ಮಾತ್ರ.

ಇದನ್ನು ಕಂಡು ಪ್ರಶ್ನಾವಳಿ ನಿಷ್ಪ್ರಯೋಜಕವೆನ್ನಲಾಗದು. ಸಾವಿರ ಮಕ್ಕಳನ್ನು ವೈದ್ಯರಲ್ಲಿಗೆ ಕರೆದೊಯ್ಯುವುದು ಅಸಾಧ್ಯ. ೨೯೪ ಮಕ್ಕಳನ್ನು ಇನ್ನೊಮ್ಮೆ ನೋಡುವುದು ಸಾಧ್ಯ. ಆದರೆ ಸಿಕ್ಕಿಬಿದ್ದ ಮಗುವಿಗೆ ಒಡನೆಯೇ ರೋಗಿಯೆಂಬ ಹೆಸರನ್ನು ಅಂಟಿಸಬಾರದು. ಪಾರಾದ ಮಗುವನ್ನು ಮರೆತೂ ಬಿಡಬಾರದು. ಸಾಣಿಗೆಯ ಕಣ್ಣನ್ನು ಕಿರಿದು ಮಾಡಿದರೆ ತಪ್ಪಿಹೋಗುವವರು ಕಡಿಮೆಯಾಗುತ್ತಾರೆ, ವೃಥಾ ಸಿಕ್ಕುವವರು ಹೆಚ್ಚುತ್ತಾರೆ. ಹಿರಿದು ಮಾಡಿದರೆ ಇದಕ್ಕೆ ವಿಪರೀತ. ಎರಡೂ ಲಾಭವನ್ನು ಒಮ್ಮೆಗೇ ಪಡೆಯಲು ಒಂದೇ ಸಾಣಿಗೆಯಿಂದ ಆಗದು. ಎರಡನೆಯ ಸಾಣಿಗೆ ಬೇಕು.

ಆ ಎರಡನೆಯದು ಪ್ರತಿ ಅಂಗನವಾಡಿಗೂ ತಲಪಬಲ್ಲಷ್ಟು ಅಗ್ಗವಾದುದು: ತೋಳಿನ ಸುತ್ತಳತೆಯ ಪಟ್ಟಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ಎಡ ರಟ್ಟೆಯ ನಡುವಿನ ಸುತ್ತಳತೆ ೧೧೫ ಮಿಲಿಮೀಟರಿಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ. ೧೧೫ರಿಂದ ೧೨೫ರ ಒಳಗಿದ್ದರೆ ಮಧ್ಯಮ. ಎರಡೂ ಪಾದಗಳನ್ನು ಹೆಬ್ಬೆರಳಿನಿಂದ ಮೆಲ್ಲನೆ ಒತ್ತಿದಾಗ ಕುಳಿ ಉಳಿದರೆ, ಮಗು ದುಂಡಗೆ ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು; ಆ ತೂಕ ಮಾಂಸದ್ದಲ್ಲ, ನೀರಿನದು.

ಪಟ್ಟಿ ಇಷ್ಟು ಸುಲಭವಿದ್ದರೆ ಪ್ರಶ್ನೆಗಳೇಕೆ? ಗತಿಶಾಸ್ತ್ರವನ್ನು ಓದಿದವರು ಇದನ್ನು ಬೇಗ ಗ್ರಹಿಸಬಹುದು. ತೂಕವೂ ಎತ್ತರವೂ ಒಂದು ವಸ್ತುವಿನ ಸ್ಥಾನವಿದ್ದಂತೆ. ಅವು ಈವರೆಗೆ ನಡೆದುದನ್ನು ಹೇಳುತ್ತವೆ. ನಿತ್ಯದ ಆಹಾರವು ವೇಗವಿದ್ದಂತೆ. ಅದು ಮುಂದೆ ಎತ್ತ ಸಾಗುವುದೆಂಬುದನ್ನು ಸೂಚಿಸುತ್ತದೆ. ಪಟ್ಟಿಯಲ್ಲಿ ಕೊರತೆ ಕಾಣಿಸುವಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ. ರಕ್ತಹೀನತೆಯಂತೂ ಪಟ್ಟಿಗೆ ಕಾಣುವುದೇ ಇಲ್ಲ. ತಾಯಿಯ ವರದಿಯಲ್ಲಿ ಅದರ ಸುಳಿವು ಮೊದಲೇ ಸಿಕ್ಕುತ್ತದೆ.

ಕೇಳಿದವರ ಹೊಣೆ

ಸಮಗ್ರ ಶಿಶು ಅಭಿವೃದ್ಧಿ ಯೋಜನೆ ೧೯೭೫ರ ಅಕ್ಟೋಬರ್ ೨ರಂದು ದೇಶದ ೩೩ ಕಡೆ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದುದು ಟಿ. ನರಸೀಪುರ. ಅಂದಿನಿಂದ ಅಂಗನವಾಡಿ ನಾಡಿನ ಊರೂರಿಗೂ ಬಂದಿದೆ. ಅಲ್ಲಿ ತೂಕ ನೋಡುತ್ತಾರೆ. ಊಟ, ಹಾಲು, ಮೊಟ್ಟೆ ಕೊಡುತ್ತಾರೆ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಯ ಮಕ್ಕಳನ್ನು ಪರೀಕ್ಷಿಸಬೇಕು. ತೀವ್ರ ಕೊರತೆಯ ಮಕ್ಕಳಿಗಾಗಿ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿವೆ. ಪ್ರಶ್ನಾವಳಿಯ ಬೆಲೆ ನಿಲ್ಲುವುದು ಈ ಸರಪಳಿಯ ಮೇಲೆಯೇ. ವಿಲ್ಸನ್ ಮತ್ತು ಯುಂಗ್ನರ್ ಎಂಬವರು ೧೯೬೮ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ರೋಗಶೋಧನೆಯ ನಿಯಮಗಳನ್ನು ಬರೆದಾಗ, ಕಂಡುಹಿಡಿದ ರೋಗಕ್ಕೆ ಚಿಕಿತ್ಸೆಯೂ ಅದನ್ನು ನೀಡುವ ಅನುಕೂಲವೂ ಇರಬೇಕೆಂದು ಒತ್ತಿ ಹೇಳಿದರು. ನಿನ್ನೆ ಮಗು ಏನುಂಡಿತೆಂದು ಕೇಳಿ, ಉತ್ತರ ಬರೆದುಕೊಂಡು ಎದ್ದುಹೋಗುವವರು ತಾಯಿಗೆ ನಾಚಿಕೆಯನ್ನು ಮಾತ್ರ ಕೊಟ್ಟು ಹೋಗುತ್ತಾರೆ.

ನಮ್ಮ ಮನೆಗೆ ಬಂದವರು ಹಾಗೆ ಮಾಡಲಿಲ್ಲ. ಮಗಳನ್ನು ವೈದ್ಯರಿಗೆ ತೋರಿಸಲು ಹೇಳಿದರು. ಚಹಾ ನಿಲ್ಲಿಸಿ, ಹೆಸರುಕಾಳು, ಮೆಂತ್ಯದ ಪಲ್ಲೆ, ಮೊಟ್ಟೆಗಳನ್ನು ಖಾರವಿಲ್ಲದೆ ಕೊಡಿರೆಂದರು. ತಿಂಗಳು ಕಳೆದ ಮೇಲೆ ಮತ್ತೆ ಬಂದು ಅದೇ ಪ್ರಶ್ನೆಯನ್ನು ಕೇಳಿದರು. ವೈದ್ಯರು ಕೊಟ್ಟ ಕಬ್ಬಿಣದ ಔಷಧವೂ ಈ ಊಟವೂ ಕೂಡಿ, ಮುಂದಿನ ರಕ್ತಪರೀಕ್ಷೆಯ ಹೊತ್ತಿಗೆ ಮಗು ಚೇತರಿಸಿಕೊಂಡಿತ್ತು.

ಈ ಲೇಖನವನ್ನು ಓದುವ ವಿದ್ಯಾರ್ಥಿಗಳ ಮನೆಗಳಲ್ಲಿ ತಮ್ಮನೋ ತಂಗಿಯೋ ಅಕ್ಕನ ಮಗುವೋ ಇರಬಹುದು. ಇಂದು ರಾತ್ರಿ ಊಟವಾದ ಮೇಲೆ ಒಂದು ಹಾಳೆಯಲ್ಲಿ ಎಂಟು ವರ್ಗಗಳನ್ನು ಬರೆದು, ಆ ಮಗು ಇಂದು ತಿಂದುದನ್ನು ಮನೆಯವರೊಡನೆ ಕುಳಿತು ಗುರುತು ಹಾಕಿರಿ. ಯಾರನ್ನೂ ದೂರಬೇಡಿರಿ. ಖಾಲಿ ಉಳಿದ ಸಾಲುಗಳಲ್ಲಿ ಒಂದನ್ನು ನಾಳೆ ತುಂಬುವ ಬಗೆ ಹೇಗೆಂದು ಮಾತ್ರ ಕೇಳಿರಿ.